ಬಳ್ಳಿಗೆ ಕಾಯಿ ಭಾರವಲ್ಲ, ಬೆಳೆಗಾರನಿಗೆ ಬಲೆ ಭಾರ

ಬಳ್ಳಿಗೆ ಕಾಯಿ ಭಾರವೇ ಎಂಬ ಗಾದೆಯನ್ನು ಅರಿಯದ ಕನ್ನಡಿಗರು ವಿರಳ. ತಾಯಿಯ ಸಹನೆಯನ್ನು ಬಣ್ಣಿಸಲು ಹುಟ್ಟಿದ ಈ ಮಾತು ತೋಟಗಾರಿಕೆಯ ದೃಷ್ಟಿಯಿಂದಲೂ ನಿಜವೇ ಆಗಿದೆ. ಹಾಗಲ, ಹೀರೆ, ಪಡವಲ, ಸೋರೆ, ಸೌತೆ, ಚಪ್ಪರದವರೆ ಮೊದಲಾದ ಬಳ್ಳಿಗಳು ತಮ್ಮ ಕಾಯಿಗಳನ್ನು ತಾವೇ ಹೊರಬಲ್ಲವು. ಆದರೆ ಹಬ್ಬಿ ನಿಲ್ಲುವುದಕ್ಕೆ ಅವುಗಳಿಗೆ ಒಂದು ಆಸರೆ ಬೇಕು. ಆ ಆಸರೆಯ ವೆಚ್ಚ ಬೀಳುವುದು ಬೆಳೆಗಾರನ ಜೇಬಿನ ಮೇಲೆ.

ಕೋಲಾರ, ಚಿಕ್ಕಬಳ್ಳಾಪುರ ಹಾಗೂ ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ತರಕಾರಿ ಹೊಲಗಳಲ್ಲಿ ಈ ಆಸರೆಯ ಸ್ವರೂಪ ಬದಲಾಗುತ್ತ ಬಂದಿದೆ. ಹಿಂದೆ ಗಳ ನೆಟ್ಟು, ತಂತಿ ಎಳೆದು, ಪ್ರತಿ ಗಿಡಕ್ಕೂ ಸುತಲಿ ದಾರ ಇಳಿಬಿಡುತ್ತಿದ್ದ ಕಡೆಗಳಲ್ಲಿ ಈಗ ಅಂಗಡಿಯವರು ‘ಕ್ರೀಪರ್ ನೆಟ್’ ಎಂದು ಕರೆಯುವ ಪ್ಲಾಸ್ಟಿಕ್ ಬಲೆ ಕಾಣಿಸುತ್ತಿದೆ. ಅಂಗೈ ಸಲೀಸಾಗಿ ತೂರುವಷ್ಟು ಅಗಲದ ಕಣ್ಣುಗಳಿರುವ ಈ ಬಲೆಯನ್ನು ಸಾಲಿನುದ್ದಕ್ಕೂ ಗೋಡೆಯಂತೆ ಬಿಗಿದರೆ ಬಳ್ಳಿ ತಾನಾಗಿಯೇ ಹತ್ತುತ್ತದೆ. ಈ ಅನುಕೂಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬೆಳೆ ಮುಗಿದ ಮೇಲೆ ಆ ಬಲೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ವರ್ತಕ ಸಮುದಾಯ ಇದುವರೆಗೆ ಗಂಭೀರವಾಗಿ ಕೇಳಿಕೊಂಡಿಲ್ಲ. ಬಹಳಷ್ಟು ಕಡೆ ಅದನ್ನು ಒಣಬಳ್ಳಿಯೊಂದಿಗೇ ಕತ್ತರಿಸಿ ಬದುವಿನ ಮೇಲೆ ಎಸೆಯಲಾಗುತ್ತದೆ, ಇಲ್ಲವೇ ಬೆಂಕಿ ಹಚ್ಚಲಾಗುತ್ತದೆ. ಮುಂದಿನ ಬೆಳೆಗೆ ಮತ್ತೆ ಹೊಸ ಬಲೆ, ಮತ್ತೆ ಹೊಸ ಖರ್ಚು.

ಮರುಬಳಕೆಗೆ ಯೋಗ್ಯವಾದ ಗಟ್ಟಿ ಬಲೆ ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಅದು ಇದ್ದೂ ಬೆಳೆಗಾರನು ಪ್ರತಿ ಹಂಗಾಮಿನಲ್ಲಿ ತೆಳು ಬಲೆಯನ್ನೇ ಕೊಳ್ಳುವುದೇಕೆ? ಇದು ಅವನ ಅಜ್ಞಾನದಿಂದ ಆಗುತ್ತಿದೆ ಎಂದು ಭಾವಿಸುವುದು ಸುಲಭ. ಲೆಕ್ಕವನ್ನು ಕೂಲಂಕಷವಾಗಿ ನೋಡಿದರೆ ದೋಷದ ಹೆಚ್ಚಿನ ಪಾಲು ಬಲೆಯನ್ನು ಮಾರುವ ಪದ್ಧತಿಯಲ್ಲಿದೆ ಎಂಬುದು ತಿಳಿಯುತ್ತದೆ.

ಆಸರೆಯಿಂದಾಗುವ ಲಾಭ

ನೆಲದ ಮೇಲೆ ಹರಡಿದ ಬಳ್ಳಿಗೂ ಮೇಲಕ್ಕೆ ಹತ್ತಿದ ಬಳ್ಳಿಗೂ ಇರುವ ವ್ಯತ್ಯಾಸವನ್ನು ಮಂಡಿಯ ವರ್ತಕರಿಗೆ ಯಾರೂ ವಿವರಿಸಬೇಕಾಗಿಲ್ಲ. ತೂಗುವ ಪಡವಲ, ಹೀರೆ, ಹಾಗಲ ನೇರವಾಗಿ ಬೆಳೆಯುತ್ತವೆ. ನೆಲಕ್ಕೆ ತಾಗಿದ ಕಾಯಿ ಡೊಂಕಾಗುತ್ತದೆ, ಮಣ್ಣು ತಾಗಿದ ಭಾಗ ಬಣ್ಣಗೆಡುತ್ತದೆ, ಮಳೆಗಾಲದಲ್ಲಿ ಕೊಳೆಯುತ್ತದೆ. ಎಲೆಗಳ ನಡುವೆ ಗಾಳಿಯಾಡುವುದರಿಂದ ತೇವ ಬೇಗ ಆರಿ ಶಿಲೀಂಧ್ರ ರೋಗಗಳ ಹಾವಳಿ ತಗ್ಗುತ್ತದೆ. ಔಷಧಿ ಸಿಂಪಡಣೆ ಎಲೆಯ ಅಡಿಭಾಗವನ್ನೂ ಮುಟ್ಟುತ್ತದೆ. ಕೊಯ್ಯುವವರು ಬಾಗದೆ ಎರಡೂ ಬದಿಯಿಂದ ಕಾಯಿ ಬಿಡಿಸಬಹುದು. ಬಲಿತು ಹೋಗುವ ಕಾಯಿ ಎಲೆಮರೆಯಲ್ಲಿ ಉಳಿಯುವುದು ಕಡಿಮೆ.

ಈ ಕಾರಣಗಳಿಂದ ಆಸರೆಗೆ ಹಣ ಹಾಕಬೇಕೋ ಬೇಡವೋ ಎಂಬುದು ಚರ್ಚೆಯ ವಿಷಯವೇ ಅಲ್ಲ. ಹಣವನ್ನು ಹೇಗೆ ಹಾಕಬೇಕು, ಅದನ್ನು ಎಷ್ಟು ಬೆಳೆಗಳಿಗೆ ಹಂಚಿ ನೋಡಬೇಕು ಎಂಬುದಷ್ಟೇ ಚರ್ಚೆಗೆ ಅರ್ಹವಾದುದು.

ಕಲ್ಲುಕಂಬ ಕಲಿಸುವ ಪಾಠ

ಇದೇ ಸೀಮೆಯ ದ್ರಾಕ್ಷಿ ತೋಟಗಳನ್ನು ಗಮನಿಸಬೇಕು. ಕಲ್ಲುಕಂಬ ನೆಟ್ಟು, ತಂತಿ ಬಿಗಿದು ಚಪ್ಪರ ಕಟ್ಟುವ ಬೆಳೆಗಾರನು ಆ ವೆಚ್ಚವನ್ನು ಒಂದೇ ವರ್ಷದ ಫಸಲಿನಿಂದ ಮರಳಿ ಪಡೆಯಬೇಕೆಂದು ಎಣಿಸುವುದಿಲ್ಲ. ಅದು ಹಲವು ವರ್ಷಗಳ ಬಂಡವಾಳವೆಂದು ಅವನಿಗೆ ಗೊತ್ತು, ಬ್ಯಾಂಕಿಗೂ ಗೊತ್ತು. ಆದರೆ ಪಕ್ಕದ ಹೊಲದಲ್ಲಿ ಹಾಗಲ ಬೆಳೆಯುವವನು ಬಲೆಯನ್ನು ಬೀಜ, ಗೊಬ್ಬರ, ಔಷಧಿಗಳ ಸಾಲಿನಲ್ಲಿಟ್ಟು ಅದೇ ಬೆಳೆಯ ಖರ್ಚೆಂದು ಬರೆದುಕೊಳ್ಳುತ್ತಾನೆ. ಟೊಮೇಟೊ ಕಡ್ಡಿಗಳನ್ನು ಕಿತ್ತು, ಕಟ್ಟು ಕಟ್ಟಿ, ಮುಂದಿನ ಬೆಳೆಗೆ ಎತ್ತಿಡುವ ರೈತನೇ ಬಲೆಯ ವಿಷಯ ಬಂದಾಗ ಕುಡುಗೋಲು ಹಿಡಿಯುತ್ತಾನೆ. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ ಮೇಲಂತೂ ನೀಲಗಿರಿ ಗಳವನ್ನು ಜೋಪಾನ ಮಾಡಬೇಕಾದ ಕಾರಣ ಇನ್ನೊಂದು ಹೆಚ್ಚಾಯಿತು. ಗಳಕ್ಕೆ ಇರುವ ಆ ಗೌರವ ಬಲೆಗೆ ಇನ್ನೂ ದೊರೆತಿಲ್ಲ.

ಕಂಪನಿಗಳು ಅನುಸರಿಸುವ ಲೆಕ್ಕಪತ್ರ ಮಾನದಂಡ 10ರ ಪ್ರಕಾರ, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಉತ್ಪಾದನೆಯಲ್ಲಿ ಬಳಕೆಯಾಗುವ ನಿರೀಕ್ಷೆಯಿರುವ ವಸ್ತು ಸ್ಥಿರಾಸ್ತಿಯ ಸಾಲಿಗೆ ಸೇರುತ್ತದೆ; ಅದರ ಬೆಲೆಯನ್ನು ಉಪಯುಕ್ತ ಆಯುಷ್ಯದ ಮೇಲೆ ಸವಕಳಿಯಾಗಿ ಹಂಚಬೇಕು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಂದ ವಿನಾಯಿತಿ ಇರುವುದರಿಂದ ರೈತನಿಗೆ ಸವಕಳಿಯ ಲೆಕ್ಕ ಬರೆಯುವ ಪ್ರಸಂಗವೇ ಬರುವುದಿಲ್ಲ. ವಿನಾಯಿತಿ ಒಳ್ಳೆಯದೇ. ಆದರೆ ಅದರಿಂದ ಒಂದು ಅನಪೇಕ್ಷಿತ ಪರಿಣಾಮವೂ ಉಂಟಾಗಿದೆ: ಯಾವ ವೆಚ್ಚ ಈ ಬೆಳೆಯದು, ಯಾವುದು ಮುಂದಿನ ಬೆಳೆಗಳದ್ದೂ ಹೌದು ಎಂದು ಬೇರ್ಪಡಿಸಿ ನೋಡುವ ಅಭ್ಯಾಸ ಬೆಳೆಯಲಿಲ್ಲ. ಬೆಳೆಸಾಲವೂ ಹಂಗಾಮಿಗೆ ಸೀಮಿತವಾದದ್ದು. ಹಂಗಾಮಿನೊಳಗೆ ತೀರಬೇಕಾದ ಸಾಲದಲ್ಲಿ ಮೂರು ವರ್ಷ ಬಾಳುವ ವಸ್ತುವನ್ನು ಕೊಳ್ಳುವವನಿಗೆ ಕೈಕಟ್ಟಿದಂತಾಗುವುದು ಸಹಜ. ಹಾಸಿಗೆ ಇದ್ದಷ್ಟು ಕಾಲು ಚಾಚುವ ರೈತ ತೆಳು ಬಲೆಯನ್ನು ಆರಿಸಿದರೆ ಅವನನ್ನು ದೂರುವಂತಿಲ್ಲ.

ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದಾಗಿನಿಂದ ಇನ್ನೊಂದು ಅಂಶವೂ ಸೇರಿಕೊಂಡಿದೆ. ತನ್ನ ಜಮೀನಿನ ಉತ್ಪನ್ನವನ್ನು ಮಾರುವ ಕೃಷಿಕನಿಗೆ ಆ ಮಾರಾಟದ ಮಟ್ಟಿಗೆ ನೋಂದಣಿಯ ಅಗತ್ಯವಿಲ್ಲ. ಆದ್ದರಿಂದ ಬಲೆಯ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ಪಡೆಯುವ ದಾರಿಯೂ ಇಲ್ಲ. ವರ್ಷಕ್ಕೆ ಎರಡು ಬಾರಿ ಬಲೆ ಕೊಳ್ಳುವವನು ಎರಡು ಬಾರಿ ಆ ತೆರಿಗೆಯನ್ನು ತನ್ನ ವೆಚ್ಚಕ್ಕೆ ಸೇರಿಸಿಕೊಳ್ಳುತ್ತಾನೆ.

ಒಂದು ಎಕರೆಯ ಲೆಕ್ಕ

ವಾದಕ್ಕಿಂತ ಅಂಕಿಗಳು ಸ್ಪಷ್ಟವಾಗಿ ಮಾತನಾಡುತ್ತವೆ. ಕೆಳಗಿನ ದರಗಳು ಕೇವಲ ಉದಾಹರಣೆಗಾಗಿ ಇಟ್ಟುಕೊಂಡವು; ಪ್ರತಿಯೊಬ್ಬರೂ ತಮ್ಮ ಊರಿನ ದರವನ್ನು ಹಾಕಿ ಲೆಕ್ಕವನ್ನು ಮತ್ತೆ ಮಾಡಬಹುದು.

ಸಾಲಿನಿಂದ ಸಾಲಿಗೆ ಎರಡು ಮೀಟರ್ ಅಂತರವಿದ್ದರೆ ಒಂದು ಎಕರೆಗೆ ಸುಮಾರು 2,000 ಮೀಟರ್ ಉದ್ದದ ಬಲೆ ಬೇಕಾಗುತ್ತದೆ. ತೆಳು ಬಲೆಗೆ ಒಟ್ಟು 12,000 ರೂಪಾಯಿ, ಗಟ್ಟಿ ಬಲೆಗೆ 27,000 ರೂಪಾಯಿ ಎಂದು ಇಟ್ಟುಕೊಳ್ಳಬಹುದು. ತೆಳು ಬಲೆ ಒಂದು ಬೆಳೆಗೆ ಮುಗಿಯುತ್ತದೆ. ಅದನ್ನು ಕಿತ್ತು ಹೊರಹಾಕಲು 1,000 ರೂಪಾಯಿ ಕೂಲಿ. ಗಟ್ಟಿ ಬಲೆ ವರ್ಷಕ್ಕೆ ಎರಡು ಬೆಳೆಯಂತೆ ಮೂರು ವರ್ಷ, ಅಂದರೆ ಆರು ಬೆಳೆಗಳಿಗೆ ಬರುತ್ತದೆ. ಪ್ರತಿ ಬಾರಿ ಬಿಚ್ಚಿ, ಶುಚಿಗೊಳಿಸಿ, ಸುತ್ತಿಡಲು 2,500 ರೂಪಾಯಿ ಕೂಲಿ. ಹೂಡಿದ ಹಣಕ್ಕೆ ವಾರ್ಷಿಕ ಶೇಕಡಾ 12ರ ಬಡ್ಡಿ, ಅಂದರೆ ಆರು ತಿಂಗಳಿಗೆ ಶೇಕಡಾ 6.

ತೆಳು ಬಲೆಯ ಲೆಕ್ಕ ಸರಳ. ಬಲೆ 12,000, ಕೂಲಿ 1,000, ಬಡ್ಡಿ 720. ಒಂದು ಬೆಳೆಗೆ ಒಟ್ಟು 13,720 ರೂಪಾಯಿ.

ಗಟ್ಟಿ ಬಲೆಯಲ್ಲಿ ಪ್ರತಿ ಬೆಳೆಗೆ ಸವಕಳಿ 4,500 ರೂಪಾಯಿ, ಕೂಲಿ 2,500. ಬೆಳೆಯಿಂದ ಬೆಳೆಗೆ ಇಳಿಯುತ್ತ ಹೋಗುವ ಬಾಕಿ ಹಣದ ಮೇಲೆ ಬಡ್ಡಿಯನ್ನು ಲೆಕ್ಕಹಾಕಿ ಆರು ಬೆಳೆಗಳಿಗೆ ಸಮನಾಗಿ ಹಂಚಿದರೆ 945. ಒಟ್ಟು 7,945 ರೂಪಾಯಿ. ಬೆಳೆಯೊಂದಕ್ಕೆ ಉಳಿತಾಯ 5,775. ಮೂರು ವರ್ಷಗಳಲ್ಲಿ 34,650 ರೂಪಾಯಿ. ಬಡ್ಡಿ ಇಮ್ಮಡಿಯಾದರೂ ತೀರ್ಮಾನ ಬದಲಾಗುವುದಿಲ್ಲ.

ಇಷ್ಟಕ್ಕೇ ನಿಂತರೆ ಇದು ಮಾರಾಟಗಾರನ ಲೆಕ್ಕವಾದೀತು. ಆರು ಬೆಳೆ ಬರುತ್ತದೆಂದು ನಂಬಿದ ಬಲೆ ಎರಡೇ ಬೆಳೆಗೆ ಹರಿದುಹೋದರೆ ಏನಾಗುತ್ತದೆ? ಆಗ ಪ್ರತಿ ಬೆಳೆಗೆ ಸವಕಳಿಯೇ 13,500. ಕೂಲಿ, ಬಡ್ಡಿ ಸೇರಿ 17,215 ರೂಪಾಯಿ. ತೆಳು ಬಲೆಗಿಂತ 3,495 ರೂಪಾಯಿ ಹೆಚ್ಚು! ಮೂರು ಬೆಳೆ ಬಂದರೆ 12,580. ಅಲ್ಲಿಗೆ ಗಟ್ಟಿ ಬಲೆ ಗೆಲ್ಲುತ್ತದೆ. ಅಂದರೆ ಈ ದರಗಳಲ್ಲಿ ಮೂರನೆಯ ಬೆಳೆಯೇ ಲಾಭನಷ್ಟದ ಗಡಿ. ಇಡೀ ವ್ಯವಹಾರ ನಿಂತಿರುವುದು ಬಲೆ ಎಷ್ಟು ಬೆಳೆಗಳ ಕಾಲ ಬಾಳುತ್ತದೆ ಎಂಬ ಒಂದೇ ಅಂಕಿಯ ಮೇಲೆ. ಆ ಅಂಕಿಯೊಂದೇ ಕೊಳ್ಳುವವನಿಗೆ ಸಿಗುವುದಿಲ್ಲ.

ಚೀಟಿಯಲ್ಲಿಲ್ಲದ ಆಯುಷ್ಯ

ಪೊಟ್ಟಣದಲ್ಲಿ ಬರುವ ಸರಕುಗಳ ಕುರಿತ 2011ರ ಕಾನೂನುಬದ್ಧ ಮಾಪನ ನಿಯಮಗಳು ತಯಾರಕರ ಹೆಸರು, ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮೊದಲಾದ ವಿವರಗಳನ್ನು ಮುದ್ರಿಸುವಂತೆ ವಿಧಿಸಿದವು. ಸರಕು ಎಷ್ಟು ಕಾಲ ಬಿಸಿಲು ತಡೆಯುತ್ತದೆ ಎಂಬ ವಿವರ ಆ ಪಟ್ಟಿಯಲ್ಲಿರಲಿಲ್ಲ. ನೆರಳು ಪರದೆಗಾದರೋ ಭಾರತೀಯ ಮಾನಕ ಸಂಸ್ಥೆಯ ಐಎಸ್ 16008 ಎಂಬ ಮಾನದಂಡವಿದೆ. ತಿಳಿದ ಬೆಳೆಗಾರ ಅದನ್ನು ಕೇಳಿ ಕೊಳ್ಳುತ್ತಾನೆ. ಬಳ್ಳಿಯ ಬಲೆಯನ್ನು ಕೊಳ್ಳಲು ಬಂದವನ ಕೈಯಲ್ಲಿ ಇರುವುದು ಬೆರಳಿನ ಪರೀಕ್ಷೆ ಮಾತ್ರ. ಎಳೆದು ನೋಡುತ್ತಾನೆ, ಬಣ್ಣ ನೋಡುತ್ತಾನೆ, ಕೊನೆಗೆ ದರ ಕೇಳುತ್ತಾನೆ.

ಹೊಸ ಬಲೆಯನ್ನು ಎಳೆದು ನೋಡುವುದರಿಂದ ಅದರ ಆಯುಷ್ಯ ತಿಳಿಯದು. ಪಾಲಿಪ್ರೊಪಿಲೀನ್ ಎಳೆಯನ್ನು ಕೊಲ್ಲುವುದು ಬಳ್ಳಿಯ ಭಾರಕ್ಕಿಂತ ಹೆಚ್ಚಾಗಿ ಬಿಸಿಲಿನ ಅತಿನೇರಳೆ ಕಿರಣಗಳು. ತಯಾರಿಕೆಯ ಹಂತದಲ್ಲಿ ಕಿರಣ ನಿರೋಧಕವನ್ನು ಸಾಕಷ್ಟು ಬೆರೆಸಿದ್ದರೆ ಎಳೆ ವರ್ಷಗಟ್ಟಲೆ ಬಾಗುತ್ತದೆ. ಬೆರೆಸದಿದ್ದರೆ ಬೇಗನೆ ಕಡ್ಡಿಯಂತೆ ಮುರಿಯುತ್ತದೆ. ಅಂಗಡಿಯ ಕಪಾಟಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಗುಣಮಟ್ಟ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಮಾರುಕಟ್ಟೆಯಲ್ಲಿ ಒಳ್ಳೆಯ ಸರಕಿಗೆ ಒಳ್ಳೆಯ ಬೆಲೆ ಸಿಗುವುದಿಲ್ಲ. ಗಟ್ಟಿ ಬಲೆಯೆಂದು ಹೇಳಿ ಕೊಟ್ಟ ಸರಕು ಎರಡನೆಯ ಬೆಳೆಗೇ ಕೈಕೊಟ್ಟ ಅನುಭವ ಒಬ್ಬನಿಗಾದರೆ ಸಾಕು. ಆ ಊರಿನಲ್ಲಿ ಮುಂದೆ ಎಲ್ಲರೂ ಅಗ್ಗದ ಬಲೆಯನ್ನೇ ಕೇಳುತ್ತಾರೆ. ಪ್ರಾಮಾಣಿಕ ತಯಾರಕನೂ ಬೇರೆ ದಾರಿ ಕಾಣದೆ ಗ್ರಾಂ ಇಳಿಸತೊಡಗುತ್ತಾನೆ.

ಇದರಿಂದಾಗುವ ನಷ್ಟ ಬಲೆಯ ಬೆಲೆಗೆ ಸೀಮಿತವಾದದ್ದಲ್ಲ. ಬಲೆ ಎಂದೂ ಖಾಲಿ ಇದ್ದಾಗ ಹರಿಯುವುದಿಲ್ಲ. ಬಳ್ಳಿ ತುಂಬಿ, ಕಾಯಿ ತೂಗಿ, ಮಳೆಗೆ ಎಲೆ ನೆನೆದು, ಗಾಳಿ ಬೀಸಿದ ದಿನವೇ ಹರಿಯುತ್ತದೆ. ಒಮ್ಮೆ ಸಾಲು ಕುಸಿದರೆ ತಿರುಚಿದ ಬಳ್ಳಿಯನ್ನು ಮೇಲೆತ್ತಿ ಕಟ್ಟುವುದು ಅಸಾಧ್ಯ. ಎಳೆದರೆ ಬುಡವೇ ಕಿತ್ತು ಬರುತ್ತದೆ. ಬೀಜ, ಗೊಬ್ಬರ, ನೀರು, ಕೂಲಿ ಎಲ್ಲವೂ ವೆಚ್ಚವಾಗಿ, ಕೊಯ್ಲಿನ ಹಣ ಬರಬೇಕಾದ ವಾರದಲ್ಲಿ ಆಸರೆ ಕುಸಿಯುತ್ತದೆ. ಮೀಟರಿಗೆ ಕೆಲವು ರೂಪಾಯಿ ಉಳಿಸಿದ ಲೆಕ್ಕ ಅಲ್ಲಿಗೆ ಮಣ್ಣುಪಾಲು.

ಆಕ್ಷೇಪಗಳಲ್ಲಿರುವ ಸತ್ಯ

ಮರುಬಳಕೆಯ ಬಗ್ಗೆ ಬೆಳೆಗಾರರು ಎತ್ತುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು ಕೂಲಿಯಾಳುಗಳ ಅಭಾವ. ಹಸಿ ಬಳ್ಳಿಯ ಕುಡಿಬಳ್ಳಿಗಳು ಎಳೆಗೆ ಸುತ್ತಿಕೊಂಡಿರುವಾಗ ಬಲೆಯನ್ನು ಬಿಡಿಸಲು ಹೊರಟರೆ ದಿನಗಳೇ ಹಿಡಿಯುತ್ತವೆ. ಆದರೆ ಕೊನೆಯ ಕೊಯ್ಲಿನ ನಂತರ ಬುಡವನ್ನು ಕತ್ತರಿಸಿ ಎರಡು ವಾರ ಬಿಟ್ಟರೆ ಬಳ್ಳಿ ಒಣಗಿ ಪುಡಿಯಾಗುವಂತಾಗುತ್ತದೆ. ಆಗ ಕೋಲಿನಿಂದ ತಟ್ಟಿದರೆ ಬಹುಪಾಲು ಉದುರುತ್ತದೆ. ಬಲೆಯನ್ನು ಗಳಕ್ಕೆ ಸುತ್ತುತ್ತ ಹೋದರೆ ಮುಂದಿನ ಬೆಳೆಗೆ ಬಿಚ್ಚುತ್ತ ಬರಬಹುದು. ಮುದ್ದೆಯಾಗಿ ಗೋಣಿಚೀಲಕ್ಕೆ ತುಂಬಿದ ಬಲೆ ಮಾತ್ರ ಮತ್ತೆ ಬಿಡಿಸಲು ಬಾರದು.

ಎರಡನೆಯದು ರೋಗ. ಇದು ಹೆಚ್ಚು ಗಂಭೀರವಾದದ್ದು. ಟೊಮೇಟೊ ಮತ್ತು ಸೌತೆ ಜಾತಿಯ ಬೆಳೆಗಳಿಗೆ ತಗಲುವ ಕೆಲವು ಮೊಸಾಯಿಕ್ ನಂಜುಗಳು ಒಣಗಿದ ಎಲೆಚೂರಿನಲ್ಲಿ, ಕಡ್ಡಿ ಮತ್ತು ದಾರದ ಮೇಲೆ ಬಹುಕಾಲ ಜೀವಂತವಾಗಿ ಉಳಿಯಬಲ್ಲವು. ಟೊಮೇಟೊದ ಅಂಗಮಾರಿ ರೋಗದ ಬೀಜಾಣುಗಳೂ ಹಳೆಯ ಕಡ್ಡಿಗಳ ಮೂಲಕ ಹೊಸ ಬೆಳೆಗೆ ಬರುವುದುಂಟು. ಬಲೆಯನ್ನು ಹಾಗೆಯೇ ಎತ್ತಿಟ್ಟು ಹಾಗೆಯೇ ಕಟ್ಟುವವನು ರೋಗವನ್ನೂ ಎತ್ತಿಟ್ಟು ಕಟ್ಟಿದಂತೆ. ಆದ್ದರಿಂದ ಬಲೆಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆದು, ಅನಂತರ ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ನೆನೆಸಿ, ಮತ್ತೆ ಶುದ್ಧ ನೀರಿನಲ್ಲಿ ಜಾಲಿಸಿ ಒಣಗಿಸಬೇಕು. ಕೊಳೆ ಉಳಿದಿದ್ದರೆ ಬ್ಲೀಚಿಂಗ್‌ನ ಶಕ್ತಿ ಕೊಳೆಯ ಮೇಲೆಯೇ ಖರ್ಚಾಗುತ್ತದೆ. ದ್ರಾವಣ ಎಳೆಯಲ್ಲಿ ಉಳಿದರೆ ಕಿರಣ ನಿರೋಧಕ ಕುಂದುತ್ತದೆ. ಗಂಧಕದ ಪುಡಿಯನ್ನು ಪದೇಪದೇ ಸಿಂಪಡಿಸುವುದರಿಂದಲೂ ಇದೇ ಹಾನಿ ಸಂಭವಿಸುತ್ತದೆ. ಜೊತೆಗೆ ಬೆಳೆ ಸರದಿಯಂತೆ ಬಲೆಗೂ ಸರದಿ ಬೇಕು: ಹಾಗಲಕ್ಕೆ ಕಟ್ಟಿದ ಬಲೆ ಮುಂದೆ ಬೀನ್ಸ್‌ಗೆ ಅಥವಾ ಅಲಸಂದೆಗೆ ಹೋಗಲಿ. ಎಳೆ ಸವೆದಂತೆ ಭಾರದ ಕಾಯಿಯಿಂದ ಹಗುರ ಕಾಯಿಯ ಬೆಳೆಗೆ ಅದನ್ನು ಇಳಿಸುತ್ತ ಬಂದರೆ ಕೊನೆಯ ಬೆಳೆಯಲ್ಲಿ ಕುಸಿಯುವ ಭಯವೂ ತಗ್ಗುತ್ತದೆ.

ಮೂರನೆಯ ಆಕ್ಷೇಪ ಸುತಲಿಯ ಪರವಾದದ್ದು. ನಾರಿನ ದಾರ ಬೆಳೆಯ ಕಸದೊಂದಿಗೇ ತಿಪ್ಪೆ ಸೇರಿ ಗೊಬ್ಬರವಾಗುತ್ತದೆ. ಅದನ್ನು ಬಿಚ್ಚುವ, ತೊಳೆಯುವ ಗೊಡವೆಯಿಲ್ಲ. ವರ್ಷಕ್ಕೆ ಒಂದೇ ಬಾರಿ ಬಳ್ಳಿ ಬೆಳೆಯುವ, ಮನೆಯವರೇ ದುಡಿಯುವ ಸಣ್ಣ ಹಿಡುವಳಿಗೆ ಇಂದಿಗೂ ಸುತಲಿಯೇ ಸರಿಯಾದ ಆಯ್ಕೆ. ಅಂಥವರಿಗೆ ಬಲೆ ಮಾರಲು ಹೋಗುವುದು ವ್ಯಾಪಾರವಾದೀತೇ ಹೊರತು ಸಲಹೆಯಾಗದು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಸಾಮಾನ್ಯವಾಗಿ ಆಸ್ತಿಯ ಸವಕಳಿಯನ್ನು ವರ್ಷದ ಲೆಕ್ಕದಲ್ಲಿ ಬರೆಯಲಾಗುತ್ತದೆ. ಬಲೆಯ ಸವಕಳಿ ಮಾತ್ರ ಪಂಚಾಂಗ ನೋಡಿ ನಡೆಯುವುದಿಲ್ಲ, ಬಿಸಿಲು ನೋಡಿ ನಡೆಯುತ್ತದೆ. ಬೆಳೆ ಮುಗಿದ ಮೇಲೂ ಎರಡು ಬೇಸಿಗೆ ತಿಂಗಳು ಹೊಲದಲ್ಲೇ ನಿಂತ ಬಲೆ ಒಂದು ಕಾಯಿಯನ್ನೂ ಹೊರದೆ ತನ್ನ ಆಯುಷ್ಯವನ್ನು ಕಳೆದುಕೊಳ್ಳುತ್ತದೆ. ಬಿಚ್ಚಿ ನೆರಳಿನಲ್ಲಿ, ಇಲಿ ಬಾರದ ಕಡೆ ಇಡುವ ಕೂಲಿ ಹೀಗೆ ಆಸ್ತಿಯ ರಕ್ಷಣೆಯ ವೆಚ್ಚವೂ ಆಗುತ್ತದೆ.

ಚಂದ್ರಿಕೆಯ ಹಾದಿ

ವರ್ಷಕ್ಕೆರಡು ಬೆಳೆ ತೆಗೆಯುವವರಲ್ಲೂ 27,000 ರೂಪಾಯಿಯನ್ನು ಒಮ್ಮೆಗೇ ಹೂಡಲಾರದವರು ಇದ್ದೇ ಇರುತ್ತಾರೆ. ಒಂದೆರಡು ಬೆಳೆಗೆ ಜಮೀನನ್ನು ಗುತ್ತಿಗೆಗೆ ಪಡೆದು ತರಕಾರಿ ಬೆಳೆಯುವವರ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಕಲ್ಲುಕಂಬ ನೆಟ್ಟರೆ ಅದು ಜಮೀನಿನ ಒಡೆಯನ ಪಾಲಾಗುತ್ತದೆ. ಬಲೆಯಾದರೋ ಗುತ್ತಿಗೆದಾರನು ಸುತ್ತಿ ಹೆಗಲ ಮೇಲೆ ಹೊತ್ತು ಮುಂದಿನ ಹೊಲಕ್ಕೆ ಒಯ್ಯಬಹುದಾದ ಆಸ್ತಿ. ಭೂಮಿಯಿಲ್ಲದ ಬೆಳೆಗಾರನು ತನ್ನದೆಂದು ಹೇಳಿಕೊಳ್ಳಬಹುದಾದ ಬಂಡವಾಳ ಅಪರೂಪ. ಗಟ್ಟಿ ಬಲೆ ಅಂಥದ್ದೊಂದು. ಅದನ್ನು ಕೊಳ್ಳುವ ಶಕ್ತಿ ಅವನಿಗೇ ಅತ್ಯಂತ ಕಡಿಮೆ ಎಂಬುದು ಖೇದದ ಸಂಗತಿ.

ಈ ತೊಡಕಿಗೆ ಉತ್ತರ ಈ ನೆಲದಲ್ಲೇ ಇದೆ. ರೇಷ್ಮೆ ಬೆಳೆಯುವ ಊರುಗಳಲ್ಲಿ ಹಣ್ಣಾದ ಹುಳು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಬೇಕು. ಅದು ಬೇಕಾಗುವುದು ಬೆಳೆಯೊಂದಕ್ಕೆ ಕೆಲವೇ ದಿನ. ಎಲ್ಲರೂ ಸ್ವಂತಕ್ಕೆ ಕೊಳ್ಳುವ ಬದಲು ಚಂದ್ರಿಕೆಯನ್ನು ಬಾಡಿಗೆಗೆ ತರುವ ಪದ್ಧತಿ ಇಲ್ಲಿ ಬಹಳ ಹಿಂದಿನಿಂದ ನಡೆದುಬಂದಿದೆ. ಶುಚಿಯಿಲ್ಲದ ಬಾಡಿಗೆ ಚಂದ್ರಿಕೆಯಿಂದ ಹುಳುವಿಗೆ ರೋಗ ಹರಡಬಹುದೆಂಬ ಎಚ್ಚರವೂ ರೇಷ್ಮೆ ಬೆಳೆಗಾರರಲ್ಲಿದೆ. ಪರಿಕರಗಳನ್ನು ಸೋಂಕುರಹಿತಗೊಳಿಸದೆ ಹೊಸ ಬೆಳೆಯನ್ನು ಆರಂಭಿಸಬಾರದೆಂಬ ಶಿಸ್ತನ್ನು ರೇಷ್ಮೆ ಇಲಾಖೆ ಹಳ್ಳಿಹಳ್ಳಿಗೆ ಮುಟ್ಟಿಸಿದೆ. ಅದೇ ಬಾಡಿಗೆ, ಅದೇ ಬ್ಲೀಚಿಂಗ್ ಪುಡಿ, ಅದೇ ಶಿಸ್ತು ಬಳ್ಳಿಯ ಬಲೆಗೆ ಏಕೆ ಸಲ್ಲಬಾರದು?

2014ರ ಸುಮಾರಿಗೆ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯು ಟ್ರ್ಯಾಕ್ಟರ್ ಮುಂತಾದ ಯಂತ್ರಗಳನ್ನು ಬಾಡಿಗೆಗೆ ಪಡೆಯುವುದನ್ನು ರೈತರಿಗೆ ರೂಢಿ ಮಾಡಿಸಿದೆ. ರೈತ ಉತ್ಪಾದಕ ಕಂಪನಿಗಳು ಇದೇ ಮಾದರಿಯಲ್ಲಿ ಬಲೆಯನ್ನು ಬಾಡಿಗೆಗೆ ಕೊಡಬಹುದು. ಕಂಪನಿಯ ಪುಸ್ತಕದಲ್ಲಿ ಅದು ಆಸ್ತಿಯಾಗಿ ದಾಖಲಾಗುತ್ತದೆ, ಸವಕಳಿ ಸಿಗುತ್ತದೆ. ಬೆಳೆಗಾರನಿಗೆ ಹಂಗಾಮಿನ ಬಾಡಿಗೆ ಮಾತ್ರ ಖರ್ಚು. ಮೇಲಿನ ಉದಾಹರಣೆಯಲ್ಲಿ ಬೆಳೆಯೊಂದಕ್ಕೆ 10,000 ರೂಪಾಯಿ ಬಾಡಿಗೆ ಹಿಡಿದು, ಬಿಚ್ಚುವ, ತೊಳೆಯುವ ಕೂಲಿಯನ್ನು ಕಂಪನಿಯೇ ಭರಿಸಿದರೂ ಅದಕ್ಕೆ 2,055 ರೂಪಾಯಿ ಉಳಿಯುತ್ತದೆ; ಬೆಳೆಗಾರನಿಗೆ ತೆಳು ಬಲೆಗಿಂತ 3,000 ರೂಪಾಯಿಗೂ ಮಿಕ್ಕಿದ ಉಳಿತಾಯ. ರಫ್ತಿಗಾಗಿ ಮಿಡಿಸೌತೆಯನ್ನು ಒಪ್ಪಂದದ ಮೇಲೆ ಬೆಳೆಸುವ ಕಂಪನಿಗಳು ಬೀಜ, ಔಷಧಿಗಳನ್ನು ಮುಂಗಡವಾಗಿ ಕೊಟ್ಟು ಕಾಯಿಯ ಹಣದಲ್ಲಿ ಮುರಿದುಕೊಳ್ಳುವ ಪದ್ಧತಿ ಇದ್ದೇ ಇದೆ. ಬಲೆಯ ಬಾಡಿಗೆಯೂ ಆ ಪಟ್ಟಿಗೆ ಸೇರಬಹುದು.

ವರ್ತಕ ಸಮುದಾಯದ ಹೊಣೆ

ಮಂಡಿಯ ವರ್ತಕರಿಗೆ ಮರುಬಳಕೆ ಹೊಸ ವಿಚಾರವೇನಲ್ಲ. ಕೋಲಾರದ ಟೊಮೇಟೊ ಸಾಗುವ 15 ಕೆಜಿ ತೂಕದ ಪ್ಲಾಸ್ಟಿಕ್ ಕ್ರೇಟು ಖಾಲಿಯಾದ ಮೇಲೆ ಮತ್ತೆ ತುಂಬಿ ಹೊರಡುತ್ತದೆ. ಕ್ರೇಟಿಗೆ ಒಡೆಯನಿದ್ದಾನೆ, ಲೆಕ್ಕವಿದೆ, ಆದ್ದರಿಂದ ಅದು ಬದುವಿನಲ್ಲಿ ಬಿದ್ದಿರುವುದಿಲ್ಲ. ಬಲೆಗೂ ಅಂಥದೊಂದು ಲೆಕ್ಕವನ್ನು ಕಟ್ಟಿಕೊಡಲು ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಸಂಸ್ಥೆಯ ಸದಸ್ಯರಾದ ತಯಾರಕರು ಮತ್ತು ವಿತರಕರು ತಾವಾಗಿಯೇ ಮೂರು ಕ್ರಮಗಳನ್ನು ಕೈಗೊಳ್ಳಬಹುದು.

ಮೊದಲನೆಯದಾಗಿ, ಪ್ರತಿ ಸುರುಳಿಯ ಮೇಲೂ ಕಚ್ಚಾವಸ್ತು, ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ, ಕಣ್ಣಿನ ಅಳತೆ, ತಯಾರಾದ ತಿಂಗಳು ಮತ್ತು ಬಿಸಿಲಿನಲ್ಲಿ ಬಾಳುವ ಖಾತರಿಯ ಅವಧಿಯನ್ನು ಕನ್ನಡದಲ್ಲಿ ಮುದ್ರಿಸಬೇಕು. ಖಾತರಿಯ ಅವಧಿಯೊಳಗೆ ಎಳೆ ಮುರಿದರೆ ಉಳಿದ ಅವಧಿಗೆ ತಕ್ಕಂತೆ ಬೆಲೆಯನ್ನು ಹಿಂದಿರುಗಿಸಬೇಕು. ಖಾತರಿ ಕೊಡಲಾಗದ ಬಲೆಯನ್ನು ಒಂದೇ ಬೆಳೆಯ ಬಲೆಯೆಂದು ಸ್ಪಷ್ಟವಾಗಿ ಬರೆದು ಮಾರಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಎರಡನೆಯದಾಗಿ, ಬಾಳಿ ಮುಗಿದ ಬಲೆಯನ್ನು ತೂಕಕ್ಕೆ ಮರಳಿ ಕೊಳ್ಳುವ ವ್ಯವಸ್ಥೆ ಬೇಕು. ತೊಳೆದು ತಂದ ಹಳೆಯ ಬಲೆಗೆ ಹೊಸ ಸುರುಳಿಯ ಬೆಲೆಯಲ್ಲಿ ರಿಯಾಯಿತಿ ಕೊಟ್ಟರೆ ಗಿರಾಕಿಯೂ ಉಳಿಯುತ್ತಾನೆ, ಗುಜರಿಯೂ ಸಿಗುತ್ತದೆ. 2022ರ ಜುಲೈ 1ರಂದು ದೇಶಾದ್ಯಂತ ನಿಷೇಧಕ್ಕೊಳಗಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಬಳ್ಳಿಯ ಬಲೆ ಇರಲಿಲ್ಲ. ಆದರೆ ಒಂದೇ ಬೆಳೆಗೆ ಬಳಸಿ ಬದುವಿನಲ್ಲಿ ಸುಡುವ ವಸ್ತುವಿನ ಮೇಲೆ ಕಾನೂನಿನ ಕಣ್ಣು ಎಂದೂ ಬೀಳದೆಂದು ನಂಬಿ ಕೂರುವುದು ಜಾಣತನವಲ್ಲ. ಮಣ್ಣಿನಲ್ಲಿ ಉಳಿದ ಬಲೆಯ ಚೂರು ಉಳುಮೆಯ ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ, ಮೇಯುವ ದನದ ಹೊಟ್ಟೆ ಸೇರುತ್ತದೆ. ಆ ವೆಚ್ಚ ಯಾರ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಮೂರನೆಯದಾಗಿ, ಬೆಂಗಳೂರಿನಂಥ ನಗರಗಳ ತಾರಸಿ ತೋಟ, ಕೈತೋಟಗಳ ಗಿರಾಕಿಯನ್ನು ಕಡೆಗಣಿಸಬಾರದು. ಹತ್ತು ಅಡಿಯ ತುಂಡೊಂದನ್ನು ಬಿಚ್ಚಿ, ಬಕೆಟ್ಟಿನಲ್ಲಿ ತೊಳೆದು, ಮಡಚಿಡಲು ಮನೆಯವರಿಗೆ ಅರ್ಧ ಗಂಟೆ ಸಾಕು. ಮರುಬಳಕೆ ಅತ್ಯಂತ ಸುಲಭವಾಗಿರುವುದು ಅಲ್ಲಿಯೇ. ಗಟ್ಟಿ ಬಲೆಯ ಹೆಸರು ಬೆಳೆಯಬಹುದಾದದ್ದೂ ಅಲ್ಲಿಂದಲೇ.

ಇದರಿಂದ ಮಾರಾಟ ಕುಸಿಯುತ್ತದೆಂಬ ಅಳುಕು ವಿತರಕರಲ್ಲಿ ಮೂಡುವುದು ಸಹಜ. ಆರು ಬಾರಿ ಮಾರುತ್ತಿದ್ದವನು ಒಮ್ಮೆ ಮಾರಬೇಕಾಗುತ್ತದೆ ಎಂಬುದು ಆ ಅಳುಕಿನ ತಿರುಳು. ಅದೇ ಉದಾಹರಣೆಯ ದರಗಳಲ್ಲಿ ಆರು ತೆಳು ಬಲೆಗಳ ವಹಿವಾಟು 72,000 ರೂಪಾಯಿ, ಒಂದು ಗಟ್ಟಿ ಬಲೆಯದು 27,000 ಎಂಬುದು ನಿಜ. ಆದರೆ ಆಸರೆಯ ಖರ್ಚು ಇಳಿದರೆ ಇಂದು ಬಳ್ಳಿಯನ್ನು ನೆಲಕ್ಕೇ ಬಿಟ್ಟಿರುವ ಬೆಳೆಗಾರನೂ ಬಲೆಯ ಗಿರಾಕಿಯಾಗಬಲ್ಲ. ಬಾಡಿಗೆ, ಶುದ್ಧೀಕರಣ, ಮರುಖರೀದಿಗಳೂ ವ್ಯಾಪಾರವೇ. ಎಲ್ಲಕ್ಕಿಂತ ಮಿಗಿಲಾಗಿ, ಬೆಳೆ ಕುಸಿದ ರೈತ ಅಂಗಡಿಯ ಸಾಲವನ್ನು ತೀರಿಸಲಾರ. ಹಂಗಾಮಿನ ಉದ್ರಿ ವ್ಯಾಪಾರ ಮಾಡಿದ ಪ್ರತಿಯೊಬ್ಬ ವರ್ತಕನಿಗೂ ಈ ಸತ್ಯ ಗೊತ್ತಿರುವಂಥದ್ದೇ.

ಬಳ್ಳಿ ತನ್ನ ಕಾಯಿಯ ಭಾರವನ್ನು ಎಂದೂ ದೂರಿಲ್ಲ. ಅದು ನಂಬಿ ಹತ್ತುವ ಎಳೆ ಎಷ್ಟು ದಿನ ತಡೆದೀತೆಂದು ಬೆಳೆಗಾರನಿಗೆ ಮೊದಲೇ ತಿಳಿದಿರಬೇಕು. ಅದನ್ನು ತಿಳಿಸಬಲ್ಲವನು ಮಾರುವವನು ಮಾತ್ರ. ಬಲೆಯ ಬೆಲೆಯೊಂದಿಗೆ ಬಲೆಯ ಆಯುಷ್ಯವನ್ನೂ ಚೀಟಿಯಲ್ಲಿ ಬರೆದುಕೊಡುವ ದಿನ, ಉಳಿದ ಲೆಕ್ಕವನ್ನು ಬೆಳೆಗಾರನೇ ಮಾಡಿಕೊಳ್ಳುತ್ತಾನೆ.